ಐದನೇ ತಂತಿಯ ಜಗಳ

ದಾಂಡೇಲಿ
೧೫ ಸೆಪ್ಟೆಂಬರ್ ೨೦೨೪

ಸುವರ್ಣಾಗ,

ನೀ ಆರಾಮ ಇದ್ದೀ ಅಂತ ನಿಮ್ಮವ್ವ ಹೇಳ್ಯಾಳ, ಹಂಗಾಗಿ ಅದನ್ನ ನಾ ಕೇಳೂದಿಲ್ಲ. ನಾ ಆಣಿ ಮಾಡಿದ್ದು ನಿನ್ನ ಕೂಡ ಮಾತಾಡೂದಿಲ್ಲ ಅಂತ. ಬರಿಯೂದಿಲ್ಲ ಅಂತ ಮಾಡಿಲ್ಲ. ಅದಕ್ಕ ಈ ಕಾಗದ.

ಎಷ್ಟೋ ವರ್ಷದಿಂದ ನಮ್ಮ ಕಾಲನಿ ಗಣಪತಿ ಮುಂದ ಭಜನಿ ಹಾಡಿಕೋತ ಬಂದೀನಿ. ಮಿಲ್ಲಿನ ಪಾಳಿ ಮುಗಿಸಿ ಬಂದು, ಜಳಕಾ ಮಾಡಿ, ಹಸದ ಹೊಟ್ಟೀಲೆ ಕುಂತು ಹಾಡೀನಿ. ಈ ವರ್ಷ ಭಜನಿ ಮುಗದ ಮ್ಯಾಲ ಹುಡುಗರದು ಏನೋ ಕಾರ್ಯಕ್ರಮ ಐತಿ ಅಂದ್ರು. ಇರಲಿ ಅಂತ ತಾಳ ಚೀಲಕ್ಕ ಹಾಕ್ಕೊಂಡು ಕುಂತೆ. ಸ್ಟೇಜಿನ ಮ್ಯಾಲ ನೋಡಿದ್ರ ನೀ. ನನ್ನ ಮಗಳು ಮುಂಡಗೋಡದಾಗ ಮೋಟಾರ್ ವೈಂಡಿಂಗ್ ಮಾಡತಾಳ ಅಂತ ಊರ ತುಂಬ ಹೇಳಿಕೊಂಡು ಅಡ್ಡಾಡಾಂವ ನಾ. ಕೊಳ್ಳಾಗ ಅಷ್ಟುದ್ದದ ಗಿಟಾರ ಹಾಕ್ಕೊಂಡು, ಕೂದಲಾ ಬಿಚ್ಚಿ, ದೆವ್ವ ಬಡದಾಂಗ ತಲಿ ತಿರುವೂ ಮಗಳನ್ನ ಎಲ್ಲಾರ ನಡುವ ಕುಂತು ನೋಡಬೇಕಾತು. ಬಾಜೂಕ ನಿಮ್ಮ ಮಾಲಕನ ಮಗ ಸುಫಿಯಾನ ಬಾಯಿ ತಗದು ಒದರತಾನ. ಹಿಂದ ಆ ಸನವಳ್ಳಿ ಹುಡುಗ ಸುಭಾಸ ಡ್ರಮ್ಮಿನ ಮ್ಯಾಲ ಹಗೆ ಇದ್ದಾಂಗ ಬಡೀತಾನ.

ನಮ್ಮ ಮಂಡಳಿ ಹಿರ್ಯಾ ಅಡಿವೆಯ್ಯ ನನ್ನ ಕಿವ್ಯಾಗ, "ಮಲಕಪ್ಪ, ಮಗಳನ್ನ ಎಷ್ಟು ಬಿಟ್ಟಿ ನೋಡು" ಅಂದ. ನನಗ ತಡಕೊಳ್ಳಾಕ ಆಗಲಿಲ್ಲ. ಮರುದಿನ ಎಲ್ಲಾರ ಮುಂದ ಮಠದ ಗದ್ದಗಿ ಮುಟ್ಟಿ ಆಣಿ ಮಾಡೇಬಿಟ್ಟೆ. ಆ ವಾದ್ಯ ನೀ ಕೆಳಗಿಡೂ ತನಕ ನಿನ್ನ ಕೂಡ ಒಂದು ಮಾತೂ ಆಡೂದಿಲ್ಲ.

ಈಗ ಕೇಳಿದ್ರ, ನೀ ಸ್ವಂತದ್ದೊಂದು ಕೊಳ್ಳಾಕ ಹೊಂಟೀಯಂತ. ಕೊಳ್ಳಬ್ಯಾಡ. ಸಂಗೀತಾನ ಬೇಕಂದ್ರ ಹಾರ್ಮೋನಿಯಂ ಐತಿ, ನಾನ ಕಲಿಸತೇನಿ.

ಮಲಕಪ್ಪ


ಮುಂಡಗೋಡ
೨೨ ಸೆಪ್ಟೆಂಬರ್ ೨೦೨೪

ಅಪ್ಪಾ,

ಕಾಗದ ಮುಟ್ಟಿತು. ಪೋಸ್ಟಮನ್ ಅಂಗಡಿಗೇ ತಂದು ಕೊಟ್ಟ. ಮಾಲಕ ರಾಜೇಸಾಬ ಚಾಚಾ "ಯಾರದು ಬೇಟಿ, ಕೋರ್ಟಿಂದೇನು?" ಅಂದ್ರು. ಹೆಚ್ಚುಕಡಿಮಿ ಹಂಗ ಅಂದೆ.

ಮಾತಾಡದ ಹಾರ್ಮೋನಿಯಂ ಹೆಂಗ ಕಲಿಸ್ತೀರಿ? ಕೈಸನ್ನಿ ಮಾಡ್ತೀರೇನು?

ನೀವು ನೋಡಿದ್ದಕ್ಕ ಬೇಸ್ ಗಿಟಾರ ಅಂತಾರ್ರಿ. ಬರೇ ಗಿಟಾರ ಅಂದ್ರ ಸುಫಿಯಾನಂದು, ಅದು ಮ್ಯಾಲ ಚೀರತೈತಿ. ನಂದು ತಳದಾಗ ಇರತೈತಿ. ಮಂದಿಗೆ ಇದು ಕೇಳೂದ ಇಲ್ಲ ಅಂತಾರ, ಆದ್ರ ತಗದು ನೋಡ್ರಿ, ಹಾಡಿಗೆ ಹೊಟ್ಟಿನ ಇರೂದಿಲ್ಲ. ನಮ್ಮ ಬ್ಯಾಂಡಿನ ಹೆಸರು ಥ್ರೀ ಫೇಜ್. ಮೂರು ಮಂದಿ ಅದೇವಿ, ಅಂಗಡಿ ಹಿಂದಿನ ಗೋದಾಮಿನ್ಯಾಗ ಪ್ರ್ಯಾಕ್ಟೀಸು, ಅದಕ್ಕ ಆ ಹೆಸರು. ಒಂದು ಫೇಜ್ ಹೋತಂದ್ರ ಪಂಪಿನ ಮೋಟಾರ ಗುಂಯ್ ಅಂತೈತಿ, ತಿರಗೂದಿಲ್ಲ, ಕಡೀಕ ಸುಟ್ಟು ಹೋಗತೈತಿ. ಅತ್ತಿವೇರಿ ಕಡೆ ರೈತರು ಅಂಥಾ ಮೋಟಾರ ದಿನಾ ಹೊತ್ತುಗೊಂಡು ಬರತಾರ. ನಾ ಬಿಟ್ರ ನಮ್ಮ ಬ್ಯಾಂಡೂ ಹಂಗ ಆಗತೈತಿ.

ತಲಿ ತಿರುವಿದ್ದಕ್ಕ ನಿಮಗ ಅಷ್ಟು ನಾಚಿಗಿ ಬಂತಲ್ಲ, ಭಜನಿ ರಂಗೇರಿದಾಗ ನೀವು ಕಣ್ಣು ಮುಚ್ಚಿ ಹೆಂಗ ತೂಗಾಡತೀರಿ ಅಂತ ಯಾರರ ಫೋನಿನ್ಯಾಗ ತಗದು ತೋರಸಬೇಕು. ನಾ ಸಣ್ಣಾಕಿದ್ದಾಗ ನಿಮ್ಮ ತೊಡಿ ಮ್ಯಾಲ ಕುಂತು ಅದನ್ನ ನೋಡಿ ಬೆಳದಾಕಿ.

ಗಣಪತಿ ಮುಂದ ನಾ ಬಾರಿಸಿದ್ದು ಕಡಾ ತಂದದ್ದು, ಸುಫಿಯಾನನ ಗೆಳ್ಯಾಂದು. ಅದರ ಗೋಣು ಬಾಗೇತಿ, ಯಾವಾಗರ ಕೇಳಿ ಒಯ್ಯತಾನ. ನನಗ ನಂದು ಬೇಕು. ಕೂಡಿಟ್ಟದ್ದು ನನ್ನ ಪಗಾರ.

ನೀವು ಆಣಿ ಮಾಡೀರಿ. ನಾ ಯಾವ ಆಣಿನೂ ಮಾಡೂದಿಲ್ಲ, ಸುಮ್ಮನ ಹೇಳತೇನಿ. ಕೆಳಗಿಡೂದಿಲ್ಲ.

ನಿಮ್ಮ ಮಗಳು
ಸುವರ್ಣಾ


ದಾಂಡೇಲಿ
೨ ಅಕ್ಟೋಬರ್ ೨೦೨೪

ಸುವರ್ಣಾಗ,

ಐಟಿಐ ಕಲಿಸಿದ್ದಕ್ಕ ಎದುರುತ್ತರ ಕೊಡೂದು ಛಲೋ ಕಲತಿ. ನಾ ತೂಗಾಡೂದು ದೇವರ ಹೆಸರಿಗೆ. ನೀ ಯಾರ ಹೆಸರಿಗೆ ತೂಗಾಡತಿ?

ನೀ ಕೊಳ್ಳೂ ವಾದ್ಯಕ್ಕ ಐದು ತಂತಿ ಇರಬೇಕಂತ ನಿಮ್ಮವ್ವ ಹೇಳಿದ್ಲು. ಏಕತಾರಿಗೆ ಇರೂದು ಒಂದ ತಂತಿ. ಅದನ್ನ ಹಿಡಕೊಂಡು ಶರಣರು ಎಲ್ಲಿಂದೆಲ್ಲಿಗೋ ಹೋಗಿ ಮುಟ್ಟಿದ್ರು. ನಿನಗ ಐದು ಯಾಕ ಬೇಕು? ನಾಳೆ ನಿನ್ನ ನೋಡಾಕ ಬಂದ ಬೀಗರು ಹುಡುಗಿ ಏನು ಬಾರಸತಾಳ ಅಂತ ಕೇಳಿದ್ರ ನಾ ಏನು ಹೇಳಲಿ? ಮಿಕ್ಸರ್ ಅಂತ ಹೇಳಲೇನು?

ಇನ್ನೊಂದು. ಅವತ್ತು ನೀವು ಬಾರಿಸೂ ಮುಂದ ನಾ ಕುಂತ ಕಬ್ಬಣದ ಕುರ್ಚಿ ನಡಗಾಕತ್ತಿತ್ತು. ಅದು ನಿಂದೋ ಸುಭಾಸಂದೋ? ಸುಮ್ಮನ ಕೇಳೇನಿ. ಉತ್ರ ಬರೀಬೇಕಂತ ಏನಿಲ್ಲ.

ಮಲಕಪ್ಪ


ಮುಂಡಗೋಡ
೧೩ ಅಕ್ಟೋಬರ್ ೨೦೨೪

ಅಪ್ಪಾ,

ಕುರ್ಚಿ ನಡಗಿಸಿದ್ದು ನಾನ.

ಬೀಗರು ಕೇಳಿದ್ರ ಏನೂ ಹೇಳಬ್ಯಾಡ್ರಿ, ಒಳಗ ಕರೀರಿ, ನಾ ಬಾರಿಸಿ ತೋರಸತೇನಿ. ಆಮ್ಯಾಲೂ ಕುಂತವರು ಇದ್ರ ಚಹಾ ಕೊಡೂಣು. ಒಂದು ತಂತೀಲೆ ಶರಣರು ಅಲ್ಲಿ ಮುಟ್ಟಿದ್ರಂದ್ರ ಐದು ತಂತೀಲೆ ಎಲ್ಲಿಗೆ ಮುಟ್ಟತೇನಿ, ಅದನ್ನೂ ನೋಡೇಬಿಡೂಣು.

ಐದು ಯಾಕ ಬೇಕು ಅಂತ ಕೇಳೀರಲ್ಲ, ಅದಕ್ಕ ಖರೇ ಉತ್ರ ಐತಿ. ನಿಮ್ಮ ಭಜನ್ಯಾಗ ಹಾರ್ಮೋನಿಯಂದ ಕಪ್ಪು ಎರಡಕ್ಕ ಶ್ರುತಿ ಹಿಡಿತೀರಿ ಹೌದಿಲ್ಲೋ? ಹಂಗ ನಮ್ಮ ಹೆವಿ ಮೆಟಲ್ ಹಾಡಿಗೆ ಶ್ರುತಿ ಭಾಳ ಕೆಳಗ ಇಳಸತಾರ, ಆವಾಗ ಅದಕ್ಕ ವಜ್ಜಿ ಬರತೈತಿ. ಸುಫಿಯಾನ ತನ್ನ ಗಿಟಾರ ಇಳಸ್ಯಾನ. ನಾಕು ತಂತಿ ಬೇಸನ್ನ ಅಷ್ಟು ಇಳಸಿದ್ರ ದಪ್ಪ ತಂತಿ ಹಸಿ ಅರಬಿ ಹಾಕಿದ ಹಗ್ಗದಂಗ ಜೋತು ಬೀಳತೈತಿ. ಬಡದ್ರ ಪಟಪಟ ಅಂತೈತಿ, ಸ್ವರ ಹುಟ್ಟೂದಿಲ್ಲ. ಐದನೇ ತಂತಿ ಅದಕ್ಕಿಂತಾ ದಪ್ಪ, ಅಷ್ಟು ಕೆಳಗ ಹೋದ್ರೂ ಬಿಗಿ ಇರತೈತಿ. ಗೋಣೂ ಉದ್ದ ಬೇಕು, ಗಿಡ್ಡ ಇದ್ರ ಆ ತಂತಿ ಮತ್ತ ಸಡ್ಲ. ಇನ್ನ ಅದರ ಹೊಟ್ಟ್ಯಾಗ ಕಾಯಿಲ್ ಇರತಾವು. ಅಯಸ್ಕಾಂತದ ಸುತ್ತ ಕೂದಲೆಳಿಯಂಥಾ ತಾಮ್ರದ ತಂತಿ ಸುತ್ತಿರತಾರ. ನಾ ದಿನಾ ಮಾಡೂ ಕೆಲಸಾನ ಅದು, ಖರೇ ಹೇಳಬೇಕಂದ್ರ ಅಲ್ಲಿಂದ ನನಗ ಈ ಹುಚ್ಚು ಹತ್ತಿದ್ದು. ಒಂದ ಕಾಯಿಲ್ ಇದ್ರ ಟ್ಯೂಬಲೈಟಿನ ಗುಂಯ್ ಅನ್ನೂದೂ ಅದರಾಗ ಸೇರತೈತಿ. ಎರಡು ಕಾಯಿಲ್ ಉಲ್ಟಾಸುಲ್ಟಾ ಜೋಡಿಸಿದ್ರ ಗುಂಯ್ ಹೋಗಿ ಬರೇ ತಂತಿ ಕೇಳತೈತಿ. ನನಗ ಎರಡಿಂದು ಬೇಕು.

ಹೋದ ವಾರ ಹುಬ್ಬಳ್ಳಿಗೆ ಹೋಗಿದ್ವಿ ನೋಡಾಕ. ಅಂಗಡ್ಯಾಂವ ನನ್ನ ಮಾರಿ ನೋಡಲೇ ಇಲ್ಲ, ಎಲ್ಲಾ ಸುಫಿಯಾನಗ ಹೇಳತಾನ. "ಮೇಡಮ್ಮಾರಿಗೆ ಅಂದ್ರ ಈ ಗಿಡ್ಡದು ಸಾಕ್ರಿ, ಹಗರ ಐತಿ, ಸಣ್ಣ ಕೈಗೆ ಛಲೋ" ಅಂತ ಗುಲಾಬಿ ಬಣ್ಣದ್ದೊಂದು ತಗದ. ಐದು ಎಚ್‌ಪಿ ಮೋಟಾರ ನೆಲದಿಂದ ಬೆಂಚಿನ ಮ್ಯಾಲ ಎತ್ತಿಡಾಕಿ ನಾ. ಸಿಟ್ಟು ನೆತ್ತಿಗೇರಿತು. ಏನೂ ಕೊಳ್ಳದ ಬಂದೇನಿ. ಮತ್ತ ಹೋಗತೇನಿ, ಗೋಡಿಗೆ ಹಾಕಿದ್ದ ಕರೇದು ಐದು ತಂತಿದ್ದು ಕೆಳಗ ಇಳಸಾಕ ಹಚ್ಚತೇನಿ.

ನಿಮ್ಮ ಮಗಳು
ಸುವರ್ಣಾ


ದಾಂಡೇಲಿ
೩ ನವೆಂಬರ್ ೨೦೨೪

ಸುವರ್ಣಾಗ,

ದೀಪಾವಳಿಗೆ ನೀ ಬರಲಿಲ್ಲ. ಬಂದ್ರ ಏನು ಮಾಡೂದಿತ್ತು, ನಾ ಬಾಯಿ ಮುಚಿಗೊಂಡು ಕುಂದರೂದು, ನೀ ನನ್ನ ನೋಡಿ ಗಂಟುಮಾರಿ ಹಾಕೂದು. ಆದ್ರೂ ಬರಬೇಕಿತ್ತು.

ಈಗ ಮನಿ ಸುದ್ದಿ ಕೇಳು. ಹಬ್ಬದ ದಿನದಿಂದ ನಿಮ್ಮವ್ವ ನನ್ನ ಕೂಡ ಮಾತು ಬಿಟ್ಟಾಳ. "ಮಗಳ ಕೂಡ ಆಡದ ಬಾಯಿ ನನ್ನ ಕೂಡಾನೂ ಆಡೂದು ಬ್ಯಾಡ" ಅಂದ್ಲು, ಅದ ಕಡೀ ಮಾತು. ಏನರ ಹೇಳೂದಿದ್ರ ಬೆಕ್ಕಿಗೆ ಹೇಳತಾಳ. "ರೊಟ್ಟಿ ಮಾಡೇನಿ, ಬೇಕಾದವರು ಉಣಲಿ." ಬೆಕ್ಕು ನನ್ನ ಮಾರಿ ನೋಡತೈತಿ. ಮಿಲ್ಲಿನ್ಯಾಗ ಮಶೀನಿನ ಸಪ್ಪಳ, ಮನ್ಯಾಗ ಗಪ್ ಚಿಪ್. ನಾ ಎಲ್ಲೆ ಹೋಗಲಿ?

ಇಷ್ಟರಾಗ ಅಡಿವೆಯ್ಯ ಒಂದು ದಾರಿ ಹೇಳ್ಯಾನ. ಕಾರ್ತೀಕ ಬಂತು, ಮುಂದ ಕುಂತು ಹಾಡಾಂವನ ಮನ್ಯಾಗ ಇಂಥಾ ಕಿರಿಕಿರಿ ಇರಬಾರದು ಅಂತಾನ. ಅದಕ್ಕ ನೀ ಆ ವಾದ್ಯ ತಗೊಂಡು ಬಂದು ಗದ್ದಗಿ ಮುಂದ ಇಟ್ಟು, ಕೈ ಮುಗದು ಹೋಗಬೇಕು. ಒಂದ ದಿನ. ಕೆಳಗಿಟ್ಟಂಗ ಆತು, ನನ್ನ ಆಣಿ ತೀರಿದಂಗ ಆತು. ಮರುದಿನ ಎತಿಗೊಂಡು ಹೋಗು, ಯಾರೂ ಕೇಳೂದಿಲ್ಲ. ನಾ ಅಂತೂ ಕೇಳೂದಿಲ್ಲ.

ನೋಡು, ಎಷ್ಟು ಹಗರ ಐತಿ. ಬಸ್ಸು ಹತ್ತಿ ಬಾ. ನಿನ್ನ ಕೂಡ ಮಾತಾಡದ ನನಗ ಎದಿ ಕಟ್ಟಿದಂಗ ಆಗೇತಿ ಸುವರ್ಣಾ. ಇದನ್ನ ಯಾರ ಮುಂದೂ ಹೇಳಬ್ಯಾಡ.

ನಿಮ್ಮಪ್ಪ


ಮುಂಡಗೋಡ
೯ ನವೆಂಬರ್ ೨೦೨೪

ಅಪ್ಪಾ,

ನಿಮ್ಮ ಕಾಗದ ಓದಿ ಅತ್ತೆ. ಅತ್ತು, ಮಾರಿ ತೊಳಕೊಂಡು, ಈಗ ಬರಿಯಾಕ ಕುಂತೇನಿ. ಬರೂದಿಲ್ಲ.

ಮೊದಲ ಒಂದು ಸುದ್ದಿ ಹೇಳತೇನಿ. ಆ ಕಡಾ ತಂದ ಬೇಸನ್ನ ಅದರ ಮಾಲಕ ಬಂದು ಒಯ್ದ. ಈಗ ನನ್ನ ಕೈಯಾಗ ಯಾವ ವಾದ್ಯನೂ ಇಲ್ಲ. ಆಣಿ ಪ್ರಕಾರ ನೋಡಿದ್ರ ನೀವು ಇವತ್ತ ಮಾತಾಡಬಹುದು. ನಾ ಸುಮ್ಮನಿದ್ದು, "ಅಪ್ಪಾ, ಬಿಟ್ಟೇನ್ರಿ" ಅಂದ್ರ ಮುಗದ ಹೋತು, ಸುಳ್ಳೂ ಅಲ್ಲ. ಆದ್ರ ನಾ ಕೆಳಗಿಟ್ಟಿಲ್ಲ, ಅವರು ಒಯ್ದಾರ. ಇದನ್ನ ಹಿಡಕೊಂಡು ಮಾತಾಡಾಕ ಬರಬ್ಯಾಡ್ರಿ, ನಾ ಓಗೊಡೂದಿಲ್ಲ.

ಒಂದ ದಿನ ಅಂತೀರಿ. ನಾ ಮರುದಿನ ಎತಿಗೊಂಡು ಹೋಗೂದನ್ನ ಯಾರೂ ನೋಡೂದಿಲ್ಲ ಅಪ್ಪಾ, ಇಡೂದನ್ನ ಎಲ್ಲಾರೂ ನೋಡತಾರ. ಮಲಕಪ್ಪನ ಮಗಳು ಬಂದು ಇಟ್ಲು, ಬಗ್ಗಿದ್ಲು, ಬುದ್ಧಿ ಬಂತು ಅಂತ ಹೇಳಿಕೋತ ಅಡ್ಡಾಡತಾರ. ನನಗ ಯಾವ ಬುದ್ಧಿ ಕೆಟ್ಟಿತ್ತು? ಗದ್ದಗಿಗೆ ನಾ ಸಣ್ಣಾಕಿದ್ದಾಗಿಂದ ಕೈ ಮುಗದೇನಿ, ಇನ್ನೂ ಮುಗೀತೇನಿ. ಕೊಳ್ಳಾಗ ಬೇಸ್ ಹಾಕ್ಕೊಂಡ ಮುಗೀತೇನಿ ಅಂದ್ರ ಅಡಿವೆಯ್ಯಾರು ಒಪ್ಪತಾರೇನು, ಕೇಳ್ರಿ.

ಇನ್ನೊಂದು ಮಾತು. ಅವತ್ತು ಸ್ಟೇಜಿನ ಮ್ಯಾಲ ಮೂರು ಮಂದಿ ಇದ್ವಿ. ತಲಿ ಮೂರೂ ಮಂದಿ ತಿರುವಿದ್ವಿ. ಸುಭಾಸನ ಅಪ್ಪಗ ಯಾರೂ ನಿನ್ನ ಮಗನ ಡ್ರಮ್ ತಂದು ಇಡಸು ಅಂದಿಲ್ಲ. ಸುಫಿಯಾನನ ಮನಿಗೂ ಯಾರೂ ಹೋಗಿಲ್ಲ. ನಾಚಿಗಿ ಅನ್ನೂದು ನನ್ನೊಬ್ಬಾಕಿ ಪಾಲಿಗೆ ಬಂತೇನು?

ನಿಮ್ಮ ಎದಿ ಕಟ್ಟಿದಂಗ ಆಗೇತಿ ಅಂತ ಓದಿ ನನ್ನ ಜೀವಾ ಚುರ್ ಅಂತು. ನಂದೂ ಕಟ್ಟೇತಿ. ಆದ್ರ ಕಟ್ಟಿದವರು ನೀವು, ಬಿಚ್ಚೂದೂ ನಿಮ್ಮ ಕೈಯಾಗ ಐತಿ. ಒಂದ ದಿನ ಅಲ್ಲ, ಒಂದು ಹಾಡಿನಷ್ಟು ಹೊತ್ತೂ ನಾ ಕೆಳಗಿಡೂದಿಲ್ಲ.

ನಿಮ್ಮ ಮಗಳು
ಸುವರ್ಣಾ


ಮುಂಡಗೋಡ
೧೪ ಡಿಸೆಂಬರ್ ೨೦೨೪

ಅಪ್ಪಾ,

ತಿಂಗಳ ಮ್ಯಾಲಾತು, ನಿಮ್ಮ ಕಾಗದ ಇಲ್ಲ. ಈಗ ಬರಿಯೂದೂ ಬಿಟ್ರೇನು? ಅವ್ವನ್ನ ಫೋನಿನ್ಯಾಗ ಕೇಳಿದ್ರ, "ಅವರು ನಿನ್ನ ಕಾಗದ ದಿಂಬಿನ ತೆಳಗ ಇಟಗೊಂಡು ಮಲಗತಾರ, ನನಗೇನು ಕೇಳತಿ, ನಾ ಮಾತು ಬಿಟ್ಟೇನಿ" ಅಂತಾಳ.

ಬರೇ ತಿಳಸಾಕ ಬರದೇನಿ, ಕೇಳಾಕ ಅಲ್ಲ. ಮುಂದಿನ ಶುಕ್ರವಾರ ಅಂಗಡಿ ಸೂಟಿ. ಅವತ್ತು ಮುಂಜಾನಿ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ ಆ ಕರೇದನ್ನ ತರತೇನಿ. ಅಂಗಡಿ ದುರ್ಗದಬೈಲಿನ ಹತ್ರ, ವಾದ್ಯದ ಅಂಗಡಿ ಅಂದ್ರ ಯಾರ ಬೇಕಾದ್ರೂ ತೋರಸತಾರ. ಸುಫಿಯಾನ ನಮಾಜಿಗೆ ಹೋಗತಾನ, ಬರೂದಿಲ್ಲ. ಛಲೋನ ಆತು. ಈ ಸಲ ಅಂಗಡ್ಯಾಂವಗ ನನ್ನ ಮಾರಿ ನೋಡದ ಗತಿ ಇಲ್ಲ.

ಸುವರ್ಣಾ


ಮುಂಡಗೋಡ
೨೨ ಡಿಸೆಂಬರ್ ೨೦೨೪

ಅಪ್ಪಾ,

ನೀವೂ ಅಲ್ಲೇ ಇದ್ರಿ, ಎಲ್ಲಾ ಕಣ್ಣೀಲೆ ನೋಡೀರಿ. ಆದ್ರೂ ನಡದದ್ದನ್ನ ನಡದಾಂಗ ಬರೀತೇನಿ. ನಾಳೆ ನೀವು ಆಗಿಲ್ಲ ಅಂದ್ರ ಈ ಕಾಗದ ಇರಲಿ.

ನಾ ಅಂಗಡಿ ಒಳಗ ಹೋದ್ರ ನೀವು ಸ್ಟೂಲಿನ ಮ್ಯಾಲ ಕುಂತು ಹಾರ್ಮೋನಿಯಂ ರೀಡು ನೋಡಾಕತ್ತಿದ್ರಿ. ದಾಂಡೇಲಿಂದ ಹುಬ್ಬಳ್ಳಿತನಕ, ಪಾಳಿ ತಪ್ಪಿಸಿ, ರೀಡು ನೋಡಾಕ. ನನ್ನ ನೋಡಿ ಮಾರಿ ತಿರುವಿದ್ರಿ. ನಾನೂ ತಿರುವಿದೆ. ಅಂಗಡ್ಯಾಂವಗ ನಾವು ಅಪ್ಪ ಮಗಳು ಅಂತ ಹೆಂಗ ಗೊತ್ತಾತೋ, ಬಹುಶಃ ಮೂಗು ನೋಡಿ. ಗುಲಾಬಿ ಬಣ್ಣದ ಗಿಡ್ಡದನ್ನ ಮತ್ತ ತಗದು, ನನಗ ಅಲ್ಲ, ನಿಮಗ ಹೇಳಾಕ ಸುರು ಮಾಡಿದ. "ಯಜಮಾನ್ರ, ಮಗಳಿಗೆ ಇದನ್ನ ಕೊಡಸ್ರಿ. ಆ ಐದು ತಂತೀದು ಗಂಡ್ಸೂರಿಗೇ ತೂಕ ಆಗತೈತಿ. ಕೂಸು ಸುಮ್ಮನ ಹಟ ಮಾಡತೈತಿ."

ನೀವು ರೀಡು ಕೆಳಗಿಟ್ರಿ. "ಕೊಡಸಾಂವ ನಾ ಅಲ್ಲ. ಬಾರಸಾಕಿ ಅಕಿ, ರೊಕ್ಕಾ ಅಕಿದು. ನನ್ನ ಯಾಕ ಕೇಳತಿ? ಅಕಿನ್ನ ಕೇಳು" ಅಂದ್ರಿ. ಅಷ್ಟು ಜೋರಾಗಿ ಅಂದ್ರಿ, ಬಾಜೂ ಅಂಗಡ್ಯಾಂವ ಹಣಿಕಿ ನೋಡಿದ.

ಕರೇದು ಕೆಳಗ ಇಳೀತು. ಕೊಳ್ಳಾಗ ಹಾಕ್ಕೊಂಡೆ. ವಜ್ಜಿ ಐತಿ, ಇರಬೇಕಾದಷ್ಟ ಐತಿ. ಗೋಣು ನೋಡಿದೆ, ಸರಳ ಐತಿ. ಕಾಯಿಲ್ ಎರಡು. ಸ್ಪೀಕರಿಗೆ ವಾಯರ್ ಚುಚ್ಚಿ ಹಚ್ಚಿದೆ, ಗುಂಯ್ ಅನ್ನಲಿಲ್ಲ. ಆಮ್ಯಾಲ ಐದನೇ ತಂತಿ ಮೀಟಿದೆ. ಕಪಾಟಿನ್ಯಾಗಿದ್ದ ಕೊಳಲೆಲ್ಲಾ ಗದಗದ ಅಂದುವು. ನಾ ಮತ್ತೊಮ್ಮೆ ಮೀಟಿದೆ. ಆವಾಗ ನೀವು ಸ್ಟೂಲ್ ಬಿಟ್ಟು ಎದ್ದು ನಿಂತು ನನಗ ಹೇಳಿದ್ರಿ. ಅಂಗಡ್ಯಾಂವಗ ಅಲ್ಲ, ನನ್ನ ಹೆಸರು ಹಿಡದು ನನಗ. "ಸುವರ್ಣಾ, ಆ ದಪ್ಪ ತಂತಿ ಇಳದೈತಿ. ಏರಸು."

ನಾ ಏರಿಸಿದೆ. "ಇನ್ನೊಂದು ಚೂರು" ಅಂದ್ರಿ. ಏರಿಸಿದೆ. "ಹಾಂ, ನಿಲ್ಲು. ಈಗ ಕೂಡಿತು."

ಎಂಥಾ ಮಾತು ಅಪ್ಪಾ. ಮೂರು ತಿಂಗಳು ಬಾಯಿ ಕಟಗೊಂಡವರು, ಬೇಸುರಾ ತಂತಿ ಕೇಳಿ ತಡಕೊಳ್ಳಾಕ ಆಗಲಿಲ್ಲ ನಿಮಗ. ಹೇಳಿದ ಮ್ಯಾಲ ನಿಮ್ಮ ಮಾರಿ ಬಣ್ಣಾನ ಹೋತು. ಬಸ್‌ಸ್ಟ್ಯಾಂಡಿನ ತನಕ ಬೇಸಿನ ಚೀಲ ನೀವ ಹೊತ್ರಿ, ಒಂದ ಮಾತಿಲ್ಲ. ನಾ ಮುಂಡಗೋಡ ಬಸ್ಸು ಹತ್ತಿದೆ, ನೀವು ದಾಂಡೇಲಿ ಬಸ್ಸಿಗೆ ಹೋದ್ರಿ.

ನಾ ಈಗ ಕೇಳೂದು ಇಷ್ಟ. ಅವತ್ತು ಆಡಿದ್ದು ಮಾತೋ ಅಲ್ಲೋ? ಮಂಡಳಿ ಮುಂದ ನಿಮಗ ತ್ರಾಸ ಆಗತೈತಿ ಅಂತ ಗೊತ್ತು. ಆದ್ರೂ ಯಾರರ ಬಂದು ಕೇಳಿದ್ರ ನಾ ಕೇಳಿಲ್ಲ ಅಂತ ಹೇಳೂದಿಲ್ಲ. ಕೇಳೇನಿ. ಛಂದಂಗ ಕೇಳೇನಿ.

ನಿಮ್ಮ ಮಗಳು
ಸುವರ್ಣಾ


ದಾಂಡೇಲಿ
೩೧ ಡಿಸೆಂಬರ್ ೨೦೨೪

ಸುವರ್ಣಾ,

ನಿನ್ನ ಕಾಗದ ನಿಮ್ಮವ್ವಗ ಓದಿ ಹೇಳಿದೆ. ಪೂರಾ ಕೇಳಿದ್ಲು. ಕೇಳಿ, ಬೆಕ್ಕಿನ ಮಾರಿ ನೋಡದ ನನ್ನ ಮಾರಿ ನೋಡಿ, "ಕೈ ತೊಳಕೊಳ್ರಿ, ಊಟಕ್ಕ ಹಾಕತೇನಿ" ಅಂದ್ಲು. ಹಬ್ಬದಿಂದ ಇಲ್ಲೀತನಕ ಮೊದಲನೇ ಸಲ ಹೊಟ್ಟಿ ತುಂಬ ಉಂಡೆ.

ನಿನ್ನೆ ಮಠದಾಗ ಅಮಾಸಿ ಭಜನಿ ಇತ್ತು. ಸುದ್ದಿ ನನಗಿಂತಾ ಮೊದಲ ಅಲ್ಲೆ ಮುಟ್ಟಿತ್ತು. ಹುಬ್ಬಳ್ಳ್ಯಾಗ ನಮ್ಮ ಕಾಲನಿ ಮಂದಿ ಯಾರೋ ನೋಡ್ಯಾರ. ಅಡಿವೆಯ್ಯ ಎಲ್ಲಾರ ಮುಂದ ಕೇಳಿದ, "ಮಲಕಪ್ಪ, ಮಗಳ ಕೂಡ ಮಾತಾಡಿದಿಯಂತಲ್ಲ. ಬಾಯಿ ತಪ್ಪಿ ಬಂದಿರಬೇಕು. ಹಂಗ ಅಂದುಬಿಡು, ಇಲ್ಲಿಗೆ ಬಿಡೂಣು." ಒಳ್ಳೇ ಮನಸಿಂದನ ಅಂದ, ಅಂವ ಕೆಟ್ಟ ಮನಷ್ಯಾ ಅಲ್ಲ.

ನಾ ಅಂದೆ, "ಬಾಯಿ ತಪ್ಪಿಲ್ಲ. ತಂತಿ ಇಳದಿತ್ತು, ಇಳದೈತಿ ಅಂತ ನನ್ನ ಮಗಳಿಗೆ ಹೇಳೇನಿ. ಅಕಿ ವಾದ್ಯ ಕೆಳಗಿಟ್ಟಿಲ್ಲ, ಇಡೂದೂ ಇಲ್ಲ. ಆಣಿ ಮುರದಾಂವ ನಾ. ನಾಳೆನೂ ಮಾತಾಡತೇನಿ."

ಗದ್ದಗಿ ಮ್ಯಾಲಿನ ಆಣಿ ಮುರದಾಂವಗ ಮುಂದ ಕುಂತು ಹಾಡಾಕ ಬರೂದಿಲ್ಲ ಅಂದ್ರು. ಬರೂದಿಲ್ಲಂದ್ರ ಬರೂದಿಲ್ಲ. ತಾಳ ತಗೊಂಡು ಹೋಗಿ ಹಿಂದಿನ ಗ್ವಾಡಿಗೆ ಹತ್ತಿ, ಚಪ್ಪಲಿ ಬಿಡೂ ಜಾಗಾದಾಗ ಕುಂತೆ. ಅಲ್ಲಿಂದ ಹಾಡಿದೆ. ಮುಂದ ಕುಂತವರು ಎಲ್ಲಾರೂ ಹೊಳ್ಳಿ ಹೊಳ್ಳಿ ನೋಡೂಹಂಗ ಹಾಡಿದೆ. ಕಡೀಕ ಅವರ ಹಾಡು ನಿಂತು, ನಂದ ಉಳೀತು.

ಕಾಗದದಾಗ ಸುರು ಮಾಡಿದ್ದನ್ನ ಕಾಗದದಾಗ ಮುಗಸಬೇಕಂತ ಇಷ್ಟು ಬರದೇನಿ, ಇಲ್ಲಂದ್ರ ನನಗೇನೂ ಬರಿಯೂ ಹುಚ್ಚಿಲ್ಲ. ನಿನ್ನ ಬೈಯ್ಯೂದು ಭಾಳ ಉಳದೈತಿ, ಬರದು ಬೈದ್ರ ಸಮಾಧಾನ ಆಗೂದಿಲ್ಲ. ಈ ಕಾಗದ ಮುಟ್ಟಿದ ದಿನ ಅಂಗಡಿ ಮುಚ್ಚಿದ ಮ್ಯಾಲ ಫೋನ್ ಹಚ್ಚು. ಎತ್ತತೇನಿ.

ನಿಮ್ಮಪ್ಪ